ತಾತನನ್ನು ಶಿಫ್ಟ್ ಮಾಡಿದ್ದು

ತಪ್ಪು ಜಾಗ ತೋರಿಸಿದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ದೊಡ್ಡಪ್ಪ ಇವತ್ತಿಗೂ ಅದನ್ನು ದಾಸಯ್ಯನ ತಲೆಗೆ ಕಟ್ಟುತ್ತಾರೆ, ಅಪ್ಪ ಮೇಸ್ತ್ರಿಯ ತಲೆಗೆ. ನನ್ನ ಮೇಲಿನ ಪ್ರೀತಿಯಿಂದ ಹಾಗೆ ಮಾಡುತ್ತಾರೆ ಎಂದು ಯಾರೂ ತಿಳಿಯಬಾರದು. ನನ್ನ ಹೆಸರು ಬಂದರೆ, ಪಕ್ಕದಲ್ಲಿ ನಗುತ್ತ ನಿಂತಿದ್ದ ತಮ್ಮ ಹೆಸರೂ ಬರುತ್ತದೆಂಬ ಭಯ, ಅಷ್ಟೇ. ತಾತನ ಸಮಾಧಿಯ ಮೇಲೆ ಬೋರಲು ಮಲಗಿ, ತಾತನ ಹಾಗೆಯೇ ಗೊರಕೆ ಹೊಡೆದು, ಐದು ಜನರನ್ನು ನಗಿಸಿ, ಎದ್ದು ಪ್ಯಾಂಟು ಕೊಡವಿಕೊಂಡು, ಇಲ್ಲಿ ಅಗೆಯಿರಿ ಎಂದು ಬೆರಳು ತೋರಿಸಿದವನು ನಾನು.

ಮಿಮಿಕ್ರಿ ನನಗೆ ಚಿಕ್ಕಂದಿನಿಂದ ಅಂಟಿದ ರೋಗ. ದೊಡ್ಡಪ್ಪ ಸುಳ್ಳು ಹೇಳುವ ಮೊದಲು ಎರಡು ಸಲ ಕೆಮ್ಮುತ್ತಾರಲ್ಲ, ಅದನ್ನು ಅವರಿಗಿಂತ ಚೆನ್ನಾಗಿ ಮಾಡುತ್ತೇನೆ. ಬಾಡಿಗೆಯವರು ನೀರು ಬರಲಿಲ್ಲವೆಂದು ದೂರುವ ಧಾಟಿ, ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವಾಗಿನ ವೈರಾಗ್ಯ, ಅಪ್ಪ ಫೋನಿನಲ್ಲಿ ಮಾತಾಡುವಾಗ ಆಚೆಯವನು ಕಿವುಡನೆಂಬಂತೆ ಕೂಗುವುದು, ಎಲ್ಲವೂ ನನ್ನ ಗಂಟಲಲ್ಲಿವೆ. ಮದುವೆ ಆರ್ಕೆಸ್ಟ್ರಾಗಳಲ್ಲಿ ಗಾಯಕರು ನೀರು ಕುಡಿಯುವಷ್ಟು ಹೊತ್ತು ವೇದಿಕೆ ನನ್ನದು. ಹೊಟ್ಟೆಪಾಡಿಗೆ ಬಿಟಿಎಂ ಲೇಔಟಿನಲ್ಲಿ ಒಂದು ಕಸ್ಟಮರ್ ಕೇರ್ ಕೆಲಸವಿದೆ. ಎಂಟು ಗಂಟೆ ಬೈಸಿಕೊಂಡು, ಬೈದವರನ್ನೇ ಊಟದ ಹೊತ್ತಿಗೆ ಮಾಡಿ ತೋರಿಸುವುದು. ನನ್ನದೇ ದನಿಯನ್ನೂ ಮಾಡುತ್ತೇನೆ. ಸಿಕ್ಕಿಬಿದ್ದಾಗ ಅದು ಹೆಣ್ಣುಮಕ್ಕಳ ದನಿಗಿಂತ ಸಣ್ಣಗಾಗುತ್ತದೆ.

ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುವುದು ನನಗೊಬ್ಬನಿಗೇ ಎಂದು ಜಂಬ ಕೊಚ್ಚಿಕೊಳ್ಳುತ್ತೇನಾದರೂ, ಶಿಫ್ಟ್ ಎಂಬ ಒಂದು ಪದ ಎಲ್ಲರಿಗೂ ಬರುತ್ತದೆ. ಅಪ್ಪ ಕಾರ್ಖಾನೆಯಲ್ಲಿದ್ದಾಗ ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು ಎಂದೇ ನಮ್ಮ ವಾರಗಳನ್ನು ಗುರುತಿಸುತ್ತಿದ್ದೆವು. ಸೆಕೆಂಡ್ ಶಿಫ್ಟಿನ ವಾರ ಹೋಮ್‌ವರ್ಕ್ ಮಾಡದಿದ್ದರೂ ಏಟು ಬೀಳುತ್ತಿರಲಿಲ್ಲ. ಇಟ್ಟಮಡುವಿನ ನಮ್ಮ ಮನೆಯ ಮೇಲೆ ಒಂದರ ಮೇಲೊಂದು ಬಾಡಿಗೆ ಮನೆಗಳಿವೆ. ಅಲ್ಲಿಯವರು ಮೆಟ್ಟಿಲಿಳಿದು ಬಂದು ಶಿಫ್ಟ್ ಮಾಡ್ತಿದ್ದೀವಿ ಆಂಟಿ ಎಂದರೆ ಅಮ್ಮ ಅವತ್ತೇ ಬೋರ್ಡು ತಗುಲಿಸುತ್ತಾಳೆ. ಬೀದಿಯ ಟ್ರಾನ್ಸ್‌ಫಾರ್ಮರನ್ನು ನಮ್ಮ ಗೇಟಿನ ಮುಂದಿನಿಂದ ಎದುರು ಮನೆಯವರ ಗೇಟಿನ ಮುಂದಕ್ಕೆ ಶಿಫ್ಟ್ ಮಾಡಿಸಿದ್ದು ದೊಡ್ಡಪ್ಪನ ಜೀವಮಾನದ ಸಾಧನೆ. ಅತ್ತೆ ಆಸ್ಪತ್ರೆಯಲ್ಲಿದ್ದಾಗ, ವಾರ್ಡಿಗೆ ಶಿಫ್ಟ್ ಮಾಡಿದ್ರು ಎಂದು ಫೋನು ಬಂದ ದಿನ ಮನೆಯಲ್ಲಿ ಪಾಯಸ ಮಾಡಿದರು. ಐಸಿಯುಗೆ ಶಿಫ್ಟ್ ಮಾಡಿದ್ರು ಎಂದು ಬಂದ ದಿನ ಒಲೆ ಹಚ್ಚಲಿಲ್ಲ. ತಂಗಿಯ ನಿಶ್ಚಿತಾರ್ಥದ ಡೇಟು ಸ್ವಲ್ಪ ಶಿಫ್ಟ್ ಆಗಿದೆ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದಾಗ, ಅದು ಇನ್ನು ಯಾವತ್ತೂ ನಡೆಯುವುದಿಲ್ಲ ಎಂದು ಎಲ್ಲರಿಗೂ ಅರ್ಥವಾಯಿತು. ಈ ಪದದ ಗುಣವೇ ಅದು. ಯಾರೂ ಏನನ್ನೂ ಮಾಡಿದ ಹಾಗಿರುವುದಿಲ್ಲ. ಇಲ್ಲಿದ್ದದ್ದು ಅಲ್ಲಿರುತ್ತದೆ, ಅಷ್ಟೇ. ಕೈಗೆ ಮಣ್ಣಾಗುವುದಿಲ್ಲ.

ಹೊಸಕೆರೆಹಳ್ಳಿಯ ಕೆರೆಯ ಕಡೆ ನಮಗೆ ರಾಗಿ ಹೊಲವಿತ್ತು. ಇತ್ತು ಎನ್ನುವುದನ್ನು ನಮ್ಮ ಮನೆಯಲ್ಲಿ ಹೇಳುವಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ತುಂಡು ತುಂಡಾಗಿ ಸೈಟು ಮಾಡಿ ಮಾರಿದ್ದಾಯಿತು. ಕೊನೆಗೆ ಉಳಿದದ್ದು ತಾತನನ್ನು ಮಣ್ಣು ಮಾಡಿದ್ದ ಮೂಲೆಯ ಸೈಟು. ನಮ್ಮವರು ಸುಡುವುದಿಲ್ಲ, ಹೂಳುತ್ತಾರೆ. ಅದೂ ಆದಷ್ಟು ಸ್ವಂತ ಹೊಲದಲ್ಲೇ. ತಾತ ಹೋದಾಗ ನನಗೆ ಏಳು ವರ್ಷ. ತಲೆ ದಕ್ಷಿಣಕ್ಕೆ ಮಾಡಿ ಮಲಗಿಸಿದರು. ಹೆಂಡತಿಯ ಜಾಗ ಗಂಡನ ಎಡಕ್ಕೆ ಎಂಬುದು ನಮ್ಮಲ್ಲಿಯ ಪದ್ಧತಿ. ಅವತ್ತೇ ಅಜ್ಜಿ ತನ್ನ ಆರಡಿಯನ್ನು ಕೈಸನ್ನೆಯಲ್ಲಿ ಗುರುತು ಮಾಡಿ ಹೇಳಿದ್ದಳಂತೆ. ಆಮೇಲೆ ದೊಡ್ಡಪ್ಪ ಇಬ್ಬರಿಗೂ ಸೇರುವಷ್ಟು ಅಗಲಕ್ಕೆ ಒಂದು ಸಿಮೆಂಟಿನ ಕಟ್ಟೆ ಕಟ್ಟಿಸಿ, ತಲೆಯ ಕಡೆ ನಟ್ಟ ನಡುವೆ ಒಂದು ಕಲ್ಲು ನೆಡಿಸಿದರು. ನಾನು ಅದಕ್ಕೆ ಡಬಲ್ ಕಾಟ್ ಎಂದು ಹೆಸರಿಟ್ಟಿದ್ದೆ. ಅಜ್ಜಿಗೆ ಕೋಪ ಬರಲಿಲ್ಲ. ಮಹಾಲಯ ಅಮಾವಾಸ್ಯೆಗೆ ಎಡೆ ಇಡಲು ಹೋದಾಗ ತನ್ನ ಭಾಗದ ಮೇಲೆ ಕೂತು, ಕೈಯಿಂದ ಸವರಿ ನೋಡಿ, ತಂಪಾಗಿದೆ ಎನ್ನುತ್ತಿದ್ದಳು. ಎಂಬತ್ತು ದಾಟಿದ ಅಜ್ಜಿಗೆ ಈ ಭೂಮಿಯ ಮೇಲೆ ಬೇಕಾಗಿದ್ದದ್ದು ಅದೊಂದೇ, ತಾತನ ಪಕ್ಕದ ಆ ಜಾಗ.

ಆ ಸೈಟನ್ನೂ ಮಾರಿದರು. ಕಟ್ಟೆಯನ್ನು ಮುಟ್ಟಬಾರದು ಎಂದು ಕೊಂಡವರ ಹತ್ತಿರ ಮಾತಾಗಿತ್ತು. ಮಾತು ಎಂದರೆ ಬರೀ ಮಾತು. ಕ್ರಯಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ನಮ್ಮವರಿಗೆ ಎಲ್ಲ ಕಾಗದಗಳ ಮೇಲೂ ಅನುಮಾನ, ಎದುರಿಗೆ ಕೂತು ಕಾಫಿ ಕುಡಿದವನ ಮೇಲೆ ಮಾತ್ರ ನಂಬಿಕೆ. ಕಾಫಿ ಕುಡಿದವರು ಇನ್ನೊಬ್ಬರಿಗೆ ಮಾರಿ ಮೈಸೂರಿಗೆ ಹೋದರು. ಹೊಸ ಮಾಲೀಕರು ಒಳ್ಳೆಯವರು. ಸ್ವೀಟ್ ಬಾಕ್ಸ್ ಹಿಡಿದು ಇಟ್ಟಮಡುವಿಗೆ ಬಂದು, ತಲೆ ತಗ್ಗಿಸಿ ಕೂತು, ಕೇಳುವುದಕ್ಕೇ ಸಂಕೋಚಪಟ್ಟರು. 'ಅಂಕಲ್, ಆ ಕಟ್ಟೆ ಇದ್ಯಲ್ಲ, ಅದನ್ನ ಸ್ವಲ್ಪ ಶಿಫ್ಟ್ ಮಾಡಿಸ್ಕೊಳ್ತೀರಾ? ಅಲ್ಲಿ ಸಂಪು, ಪಾರ್ಕಿಂಗು ಬರತ್ತೆ.'

ದೊಡ್ಡಪ್ಪ ಎರಡು ಸಲ ಕೆಮ್ಮಿ, ಅದಕ್ಕೇನಂತೆ ಎಂದರು.

ಅಜ್ಜಿಗೆ ಹೇಳುವುದು ಯಾರು? ಇಬ್ಬರು ಗಂಡುಮಕ್ಕಳೂ ನನ್ನ ಮುಖ ನೋಡಿದರು. ಇವನಾದರೆ ನಗಿಸಿ ಒಪ್ಪಿಸುತ್ತಾನೆ ಎಂದರು. ಹೊಗಳಿದರೆ ನಾನು ಯಾವ ಬಾವಿಗಾದರೂ ಹಾರುತ್ತೇನೆ. ಅಜ್ಜಿ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಶುರು ಹಚ್ಚಿಕೊಂಡೆ. ಮೊದಲು ಹೊಸ ಮಾಲೀಕರ ಸಂಕೋಚ ಮಾಡಿ ತೋರಿಸಿದೆ, ಆಮೇಲೆ ದೊಡ್ಡಪ್ಪನ ಕೆಮ್ಮು. ಮೂರನೇ ಮಹಡಿಯವರು ಮನೆ ಖಾಲಿ ಮಾಡಿದಾಗ ಬೀರು ಮೆಟ್ಟಿಲಲ್ಲಿ ಸಿಕ್ಕಿಕೊಂಡು, ಮೇಲಿನವನು ಎಳೆ ಎಂದರೆ ಕೆಳಗಿನವನು ನೂಕು ಎಂದದ್ದನ್ನು ಇಬ್ಬರ ದನಿಯಲ್ಲೂ ಮಾಡಿದೆ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. 'ಹಾಗೇ ಅಜ್ಜಿ, ತಾತನೂ ಮನೆ ಶಿಫ್ಟ್ ಮಾಡ್ತಾರೆ' ಎಂದೆ. ಬೀರು ಗೀರು ಏನೂ ಇಲ್ಲ, ಸುಲಭ.

ಅವಳ ಕೈ ನಿಂತಿತು. ಕಾಯಿಯಿಂದ ಅರ್ಧ ಹೊರಗೆ ಬಂದ ಕಾಳು ಹಾಗೇ ಬೆರಳಲ್ಲಿತ್ತು. ಒಂದೇ ಪ್ರಶ್ನೆ ಕೇಳಿದಳು.

'ಅಲ್ಲಿ ನಂಗೂ ಜಾಗ ಐತೇನ್ಲಾ?'

'ಐತೆ ಅಜ್ಜಿ. ಪಕ್ದಲ್ಲೇ.'

ಇದನ್ನು ದೊಡ್ಡಪ್ಪನ ದನಿಯಲ್ಲಿ ಹೇಳಲಿಲ್ಲ, ನನ್ನ ದನಿಯಲ್ಲೇ ಹೇಳಿದೆ. ಯಾರನ್ನೂ ಕೇಳದೆ ಹೇಳಿದೆ. ತಾತನನ್ನು ಒಯ್ಯಬೇಕೆಂದುಕೊಂಡಿದ್ದ ಸ್ಮಶಾನದಲ್ಲಿ ಜಾಗ ಹಿಡಿದಿಡುವ ಪದ್ಧತಿಯೇ ಇಲ್ಲ, ಗುಂಡಿ ಯಾರಿಗೆ ಬೇಕೋ ಅವರು ಸತ್ತು ಬರಬೇಕು ಎಂದು ಅಲ್ಲಿಯ ಕಾವಲುಗಾರ ಆಮೇಲೆ ಹೇಳಿದ. ಅಜ್ಜಿ ಕಾಳನ್ನು ಮೊರಕ್ಕೆ ಹಾಕಿ, ಸರಿ ಹಂಗಾರೆ, ಮಾಡ್ರಪ್ಪ ಎಂದಳು. ನಾನು ಒಳಗೆ ಹೋಗಿ ಇಬ್ಬರಿಗೂ ಹೆಬ್ಬೆರಳೆತ್ತಿ ತೋರಿಸಿದೆ.

ಅಗೆದದ್ದು ಒಂದು ಗುರುವಾರ ಬೆಳಿಗ್ಗೆ. ಹೆಂಗಸರು ಬರುವ ಹಾಗಿಲ್ಲವೆಂದು ಅಜ್ಜಿಯನ್ನು ಮನೆಯಲ್ಲೇ ಬಿಟ್ಟಿದ್ದೆವು. ಅವಳು ಎಡೆಗೆ ಮುದ್ದೆ, ಸೊಪ್ಪಿನ ಸಾರು ಮಾಡುತ್ತಿದ್ದಳು. ಸೈಟಿನಲ್ಲಿ ದೊಡ್ಡಪ್ಪ, ಅಪ್ಪ, ನಾನು, ಸಾವಿನ ಕಾರ್ಯಗಳಿಗೆ ಶಂಖ ಜಾಗಟೆ ಹಿಡಿದು ಬರುವ ದಾಸಯ್ಯ, ಮಾಲೀಕರ ಕಡೆಯ ಮೇಸ್ತ್ರಿ, ಗುದ್ದಲಿ ಹಿಡಿದ ಒಬ್ಬ ಆಳು. ಕಟ್ಟೆಯ ಒಂದು ಕಡೆ ಹೊಂಗೆ ಮರ, ಇನ್ನೊಂದು ಕಡೆ ರಸ್ತೆ. ಸಿಮೆಂಟು ಒಡೆಯುವ ಮೊದಲು ಆಳು ಕೇಳಿದ: ಯಾವ ಕಡೆ ಸಾರ್?

ಆಗ ಗೊತ್ತಾಯಿತು, ಯಾರಿಗೂ ಗೊತ್ತಿಲ್ಲ ಎಂದು. ಅಜ್ಜಿ ವರ್ಷ ವರ್ಷ ಕೂರುತ್ತಿದ್ದದ್ದು ಯಾವ ಕಡೆ ಎಂದು ನಾವು ಒಬ್ಬರೂ ಗಮನಿಸಿರಲಿಲ್ಲ. ಮಣ್ಣು ಮಾಡಿದಾಗ ಅಲ್ಲಿ ರಸ್ತೆಯಿರಲಿಲ್ಲ, ಮರವಿರಲಿಲ್ಲ, ಸುತ್ತ ರಾಗಿ ಪೈರು. ಕಲ್ಲು ನೋಡಿದರೆ ನಡುವೆ ನೆಟ್ಟಿದೆ. ಎಡಕ್ಕೆ ಅಜ್ಜಿಯ ಜಾಗ ಎಂಬುದು ಮಾತ್ರ ಎಲ್ಲರಿಗೂ ನೆನಪು. ಯಾರ ಎಡ? ದೊಡ್ಡಪ್ಪ ಕಾಲಿನ ಕಡೆ ನಿಂತು ತಮ್ಮ ಎಡಗೈ ಚಾಚಿ ರಸ್ತೆ ತೋರಿಸಿದರು. ಅಪ್ಪ ತಲೆಯ ಕಡೆ ನಿಂತು ತಮ್ಮ ಎಡಗೈ ಚಾಚಿ ಮರ ತೋರಿಸಿದರು. ದಾಸಯ್ಯ ಎರಡೂ ಕಡೆ ತಲೆಯಾಡಿಸಿದ. ಅಪ್ಪ, ಅಜ್ಜಿಗೊಂದು ಫೋನ್ ಮಾಡಿಬಿಡೋಣ ಎಂದು ಮೊಬೈಲು ತೆಗೆದರು ಕೂಡ. ದೊಡ್ಡಪ್ಪ ಬೇಡವೆಂದರು. ಕೇಳಿದರೆ ಅವಳು ಅಳುತ್ತಾಳೆ, ಅತ್ತರೆ ಕೆಲಸ ನಿಲ್ಲುತ್ತದೆ.

ಅಲ್ಲಿ ಸುಮ್ಮನಿದ್ದಿದ್ದರೆ ನಾನು ನಾನಾಗುತ್ತಿರಲಿಲ್ಲ. ಇರಿ, ಮಲಗಿದವರನ್ನೇ ಕೇಳೋಣ ಎಂದೆ. ಕಲ್ಲಿನ ಕಡೆ ತಲೆ ಹಾಕಿ ಕಟ್ಟೆಯ ಮೇಲೆ ಮಲಗಿದೆ. ತಾತ ಬದುಕಿದ್ದಾಗ ಜಗಲಿಯ ಮೇಲೆ ಯಾವಾಗಲೂ ಬೋರಲು ಮಲಗುತ್ತಿದ್ದರು. ಒಂದು ಕೆನ್ನೆ ಅಂಗೈ ಮೇಲೆ, ಗೊರಕೆ ನಿಂತು ನಿಂತು ಕೊನೆಗೆ ಒಂದು ಸಿಳ್ಳು. ಎಲ್ಲವನ್ನೂ ಮಾಡಿದೆ. ಅಪ್ಪ ನಕ್ಕರು. ದೊಡ್ಡಪ್ಪ ನಗುತ್ತ ಕಣ್ಣೊರೆಸಿಕೊಂಡು, ಥೇಟ್ ಅಪ್ಪಯ್ಯನೇ ಎಂದರು. ತಾತನ ದನಿಯಲ್ಲಿ, 'ಇವ್ಳು ಈ ಕಡಿಕೆ' ಎಂದು ಎಡಗೈ ಚಾಚಿದೆ. ಅದು ರಸ್ತೆಯ ಕಡೆ ಬಂತು. ಹಾಗಾದರೆ ತಾತ ಮರದ ಕಡೆ. ಎದ್ದು ಬೆರಳು ತೋರಿಸಿದೆ. ದೊಡ್ಡಪ್ಪ ತಾವು ಮೊದಲೇ ಹೇಳಿದ್ದೂ ಅದನ್ನೇ ಎಂದರು.

ಅಂಗಾತ ಮಲಗಿದವನ ಎಡಗೈ ಒಂದು ಕಡೆ, ಬೋರಲು ಮಲಗಿದವನ ಎಡಗೈ ಇನ್ನೊಂದು ಕಡೆ. ಹೆಣವನ್ನು ಯಾರೂ ಬೋರಲು ಮಲಗಿಸಿ ಹೂಳುವುದಿಲ್ಲ. ಇಷ್ಟು ಸಣ್ಣ ವಿಷಯ ಅಲ್ಲಿ ನಿಂತಿದ್ದ ಒಬ್ಬರಿಗೂ ಹೊಳೆಯಲಿಲ್ಲ. ನಗು ಬಂದಿತ್ತಲ್ಲ, ನಕ್ಕಮೇಲೆ ಯಾರು ಯೋಚನೆ ಮಾಡುತ್ತಾರೆ.

ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು. ಇದು ಯಾವತ್ತೂ ಅಗೆದ ಮಣ್ಣಲ್ಲ ಸಾರ್ ಎಂದು ಆಳು ಎರಡು ಸಲ ಹೇಳಿದ. ನಾನು ಅವನ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ಹೇಳಿ ತೋರಿಸಿದೆ. ಎದೆಯುದ್ದ ಇಳಿದರೂ ಬೇರು ಬಿಟ್ಟರೆ ಏನೂ ಸಿಗಲಿಲ್ಲ. ಇಷ್ಟು ವರ್ಷಕ್ಕೆ ಭೂಮಿತಾಯಿ ಎಲ್ಲವನ್ನೂ ತನ್ನೊಳಗೆ ತಗೊಂಡವಳೆ, ಪುಣ್ಯವಂತರು ಎಂದ ದಾಸಯ್ಯ. ಎಲ್ಲರಿಗೂ ಸಮಾಧಾನವಾಯಿತು. ಮೂರು ಹಿಡಿ ಮಣ್ಣನ್ನು ಹೊಸ ಮಡಕೆಗೆ ಹಾಕಿ, ಅರಿಶಿನದ ಬಟ್ಟೆ ಕಟ್ಟಿ, ಸ್ಮಶಾನದ ಗೋಡೆ ಪಕ್ಕದಲ್ಲಿ ಹೂತು ಬಂದೆವು. ಮಡಕೆಯನ್ನು ಸ್ಕೂಟರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ನಾನೇ. ಸಿಗ್ನಲ್ಲಿನಲ್ಲಿ ಪಕ್ಕದವನು ಏನದು ಎಂಬಂತೆ ನೋಡಿದಾಗ, ತಾತ ಎಂದೆ. ಅವನು ನಕ್ಕ.

ಮನೆಗೆ ಬಂದಾಗ ಅಜ್ಜಿ ಕೇಳಿದಳು, ಆರಾಮಾಗಿ ಬಂದ್ರಾ ಎಂದು. ಹೆಲ್ಮೆಟ್ ಇಲ್ಲದೆ ಬಂದರು ಎಂದೆ.

ನಾಲ್ಕು ದಿನ ಕಳೆದು, ಆಫೀಸಿನಲ್ಲಿದ್ದಾಗ ಮೇಸ್ತ್ರಿಯ ಫೋನು ಬಂತು. ನನ್ನ ನಂಬರೇ ಅವನ ಹತ್ತಿರವಿತ್ತು, ನನ್ನ ಗೊರಕೆ ಅವನಿಗೆ ಅಷ್ಟು ಹಿಡಿಸಿತ್ತು. ಅಣ್ಣ, ಸ್ವಲ್ಪ ಬರ್ತೀರಾ ಎಂದ. ಬೇರೇನೂ ಹೇಳಲಿಲ್ಲ. ಹೋದೆ. ಸಂಪು ಕಟ್ಟಲೆಂದು ರಸ್ತೆಯ ಕಡೆ ಅಗೆಯುತ್ತಿದ್ದ ಜೆಸಿಬಿಯನ್ನು ನಿಲ್ಲಿಸಿ, ಅದರ ಡ್ರೈವರು ದೂರ ಹೋಗಿ ಬೀಡಿ ಸೇದುತ್ತಿದ್ದ. ಗುಂಡಿಯ ಒಂದು ಗೋಡೆಯಲ್ಲಿ, ಬಕೆಟ್ಟು ಕೆರೆದ ಗೀರುಗಳ ನಡುವೆ, ಕಾಲಿನ ಮೂಳೆಗಳಿದ್ದವು. ಮಣ್ಣಿನದೇ ಬಣ್ಣ. ಮೇಸ್ತ್ರಿ ಚೀಲದ ಮೇಲೆ ಇನ್ನಷ್ಟನ್ನು ಆರಿಸಿಟ್ಟಿದ್ದ. ಜೊತೆಗೆ ಕಪ್ಪಾದ ಬೆಳ್ಳಿಯ ಉಡುದಾರದ ಒಂದು ತುಣುಕು. ತಲೆಯ ಭಾಗ ಇರಲಿಲ್ಲ. ಕೇಳಿದೆ. ಟಿಪ್ಪರು ಬೆಳಿಗ್ಗೆಯೇ ಒಂದು ಲೋಡು ಒಯ್ದಿತ್ತಂತೆ. ಎಲ್ಲಿಗೆ ಎಂದರೆ, ತಗ್ಗು ತುಂಬಿಸೋಕೆ, ಆ ಕಡೆ ಎಲ್ಲೋ ಎಂದ. ಟಿಪ್ಪರಿನವನಿಗೆ ಫೋನು ಮಾಡಿ ಕೊಟ್ಟ. ಅವನು ಹೇಳಿದ, ಸಾರ್ ಅದರ ಮೇಲೆ ಇನ್ನೂ ಆರು ಗಾಡಿ ಬಿದ್ದಿದೆ, ರೋಲರೂ ಹೊಡೆದಾಯ್ತು.

ಚೀಲದ ಪಕ್ಕದಲ್ಲಿ ಕೂತೆ. ಉಡುದಾರವನ್ನು ಉಗುಳು ಹಚ್ಚಿ ಉಜ್ಜಿದೆ. ತಾತನ ಯಾವ ದನಿಯೂ ನೆನಪಿಗೆ ಬರಲಿಲ್ಲ. ದಿನಾ ಮಾಡುತ್ತಿದ್ದ ದನಿ.

ಸಿಕ್ಕದ್ದನ್ನು ಅಪ್ಪ, ದೊಡ್ಡಪ್ಪ, ನಾನು ಅದೇ ಸ್ಮಶಾನಕ್ಕೆ ಒಯ್ದು, ಬರೀ ಮಣ್ಣಿದ್ದ ಆ ಮಡಕೆಯ ಪಕ್ಕದಲ್ಲಿ ಹೂತೆವು. ಅಜ್ಜಿಗೆ ಹೇಳುವುದು ಬೇಡ ಎಂದು ದೊಡ್ಡಪ್ಪ ಕೆಮ್ಮದೆಯೇ ಹೇಳಿದರು. ವಯಸ್ಸಾಗಿದೆ, ನೊಂದುಕೊಳ್ಳುತ್ತಾಳೆ. ಒಪ್ಪಿದೆವು. ನಮ್ಮ ನೋವಿಗಿಂತ ಅವಳ ನೋವಿನ ಹೆಸರು ಹೇಳುವುದು ಸುಲಭ.

ಅಜ್ಜಿಗೆ ಯಾರೂ ಹೇಳಲಿಲ್ಲ. ಅವಳೇ ಹಿಡಿದಳು. ಮೂರು ದಿನ ಕಳೆದ ಮೇಲೆ ಊಟಕ್ಕೆ ಬಡಿಸುತ್ತ, ಸಾರಿನ ಸೌಟನ್ನು ಹಾಗೇ ಎತ್ತಿ ಹಿಡಿದು ನನ್ನ ಮುಖ ನೋಡಿದಳು.

'ಏನ್ಲಾ, ಮೂರ್ ದಿನದಿಂದ ಯಾರ್ ದನೀನೂ ಬತ್ತಿಲ್ಲ ನಿಂಗೆ? ಏನ್ ಮಾಡ್ಬುಟ್ಟು ಬಂದ್ರಿ ಅಲ್ಲಿ?'

ಹೇಳಿದೆ. ನಾನು ಬೋರಲು ಮಲಗಿದ್ದನ್ನೂ ಹೇಳಿದೆ, ಇವರು ನಕ್ಕದ್ದನ್ನೂ, ಆಳಿನ ಮಾತು ಕೇಳದೆ ಹೋದದ್ದನ್ನೂ, ಟಿಪ್ಪರನ್ನೂ. ಪಕ್ಕದಲ್ಲಿ ಜಾಗ ಇದೆ ಎಂದದ್ದು ಸುಳ್ಳು ಎಂಬುದನ್ನೂ. ಅಜ್ಜಿ ಅಳಲಿಲ್ಲ. ಸೌಟನ್ನು ಪಾತ್ರೆಗೆ ಇಟ್ಟು, ಸೀರೆ ಬದಲಾಯಿಸಿ ಬಂದು, ಆಟೋ ಕರಿ ಎಂದಳು.

ಸೈಟಿನಲ್ಲಿ ಆಗಲೇ ಸಂಪಿನ ಕಂಬಿ ಕಟ್ಟಿದ್ದರು. ಕಲ್ಲನ್ನು ಕಾಂಪೌಂಡಿಗೆ ಒರಗಿಸಿದ್ದರು. ಮೇಸ್ತ್ರಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಅವಳು ಕೂರಲಿಲ್ಲ. ಕಂಬಿಗಳ ನಡುವೆ ಇಣುಕಿ ನೋಡಿದಳು. ಆಮೇಲೆ ಹೊಂಗೆ ಮರದ ಹತ್ತಿರ ಹೋಗಿ, ನಾವು ಅಗೆದು ಮುಚ್ಚಿದ್ದ ಕಡೆ ನಿಂತಳು. ಮರ ನೆಟ್ಟದ್ದು ತಾನೇ, ತನ್ನ ಕಡೆಗೆ ನೆರಳಿರಲಿ ಎಂದು, ಅಷ್ಟನ್ನು ಮೆಲ್ಲಗೆ ಹೇಳಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಮೇಲೆ ಎಂದಾದರೂ ಅವಳು ಬೈದ ರೀತಿಯನ್ನು ಮಾಡಿ ತೋರಿಸುತ್ತಿದ್ದೆನೋ ಏನೋ. ಆ ದಾರಿಯನ್ನೂ ಉಳಿಸಲಿಲ್ಲ.

ಮನೆಗೆ ಬಂದಾಗ ಅಪ್ಪ, ದೊಡ್ಡಪ್ಪ ನಡುಮನೆಯಲ್ಲಿ ಕಾಯುತ್ತಿದ್ದರು. ಅಮ್ಮ ಅವರಿಗೆ ವಿಷಯ ಮುಟ್ಟಿಸಿದ್ದಳು. ಅಜ್ಜಿ ಗೋಡೆಗೊರಗಿ ನೆಲದ ಮೇಲೆ ಕೂತು ಕಾಲು ನೀಡಿದಳು. ದೊಡ್ಡಪ್ಪ ಮಾತು ಶುರು ಮಾಡಿದರು, ನಿಲ್ಲಿಸಲಿಲ್ಲ. ಆದದ್ದು ಆಗಿಹೋಯಿತು. ಶಾಂತಿ ಮಾಡಿಸೋಣ. ಸ್ಮಶಾನದ ಕಾವಲುಗಾರನ ಹತ್ತಿರ ಗಟ್ಟಿಯಾಗಿ ಮಾತಾಡುತ್ತೇನೆ, ಆಗುವುದಿಲ್ಲ ಎಂದರೆ ಕಾರ್ಪೊರೇಟರ ಕಡೆಯಿಂದ ಹೇಳಿಸುತ್ತೇನೆ, ಅಪ್ಪಯ್ಯನ ಪಕ್ಕದ ಜಾಗಕ್ಕೆ ಈಗಲೇ ಕಟ್ಟೆ ಕಟ್ಟಿಸಿ ನಿನ್ನ ಹೆಸರು ಬರೆಸುತ್ತೇನೆ, ಕಪ್ಪು ಕಲ್ಲಿನಲ್ಲಿ. ಅಪ್ಪ ನಡುನಡುವೆ ಹೌದಮ್ಮ, ಹೌದಮ್ಮ ಎನ್ನುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ನಾನೂ ತಲೆಯಾಡಿಸಿದೆನೆಂದು ನೆನಪು.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಮಂಡಿಯನ್ನು ಎರಡು ಸಲ ನೀವಿಕೊಂಡಳು. ದೊಡ್ಡಪ್ಪ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಅವರ ಕಡೆಗಾಗಲಿ ನನ್ನ ಕಡೆಗಾಗಲಿ ನೋಡದೆ ಹೇಳಿದಳು:

'ನನ್ನ ಕರೆಂಟ್‌ನಾಗೆ ಸುಟ್ಟಾಕ್ಬುಡಿ. ಮಣ್ಣಾಗಿಕ್ಕಿದ್ರೆ ಅದ್ನೂ ಮಾರ್ಕಂತೀರ.'